ಅಡಿಗೆಯವರ ಮಗಳು ನ್ಯಾಯಪೀಠವನ್ನೇರಿದುದು

ಅಮೇರಿಕದ ನ್ಯೂ ಹೇವನ್ ನಗರದಲ್ಲಿರುವ ಯೇಲ್ ವಿಶ್ವವಿದ್ಯಾಲಯದಲ್ಲಿ ಶ್ರೀಮಂತರ ಮಕ್ಕಳು ತಮ್ಮ ತಮ್ಮೊಳಗೆ ಕಟ್ಟಿಕೊಂಡ ಖಾಸಗಿ ಕ್ಲಬ್ಬುಗಳಿದ್ದುವು. ಅಲ್ಲಿ ಅಡಿಗೆ ಮಾಡುತ್ತಿದ್ದವರಲ್ಲಿ ವಿಲ್ಲೋಬಿ ಬೇಕರ್ ಎಂಬವರೊಬ್ಬರು. ವೆಸ್ಟ್ ಇಂಡೀಸಿನ ನೆವಿಸ್ ಎಂಬ ಪುಟ್ಟ ದ್ವೀಪದಿಂದ ವಲಸೆ ಬಂದ ಕರಿಯ ಜನಾಂಗದವರು. ಅವರ ಹನ್ನೆರಡು ಮಂದಿ ಮಕ್ಕಳಲ್ಲಿ ಒಂಬತ್ತನೆಯವಳಾಗಿ 1921ನೆಯ ಸಪ್ಟೆಂಬರ್ 14ರಂದು ಹುಟ್ಟಿದ ಕಾನ್‌ಸ್ಟನ್ಸ್, ಮುಂದೆ ಆ ದೇಶದ ಫೆಡರಲ್ ನ್ಯಾಯಪೀಠವನ್ನೇರಿದ ಪ್ರಥಮ ಕಪ್ಪು ಮಹಿಳೆಯಾದಳು. ಪರರ ಮಕ್ಕಳಿಗೆ ಹೊಟ್ಟೆ ತುಂಬ ಬಡಿಸಿ, ಸ್ವಂತ ಮಕ್ಕಳನ್ನು ಓದಿಸಲು ಕಾಸಿಲ್ಲದ ತಂದೆಯ ಸ್ಥಿತಿ ಎಂಥದೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರಿಗೆ ನಾವು ವಿವರಿಸಬೇಕಾಗಿಲ್ಲ.

ಪ್ರೌಢಶಾಲೆಯಲ್ಲಿರುವಾಗಲೇ ತಾನು ವಕೀಲಳಾಗಬೇಕೆಂದು ಹುಡುಗಿ ನಿಶ್ಚಯಿಸಿದ್ದಳು. ಕೂದಲು ಸಿಂಗರಿಸುವ ಕೆಲಸ ಕಲಿತರೆ ಜೀವನ ಸಾಗೀತೆಂದು ತಾಯಿಯ ಸಲಹೆ. ಕರಿಯ ಹೆಂಗಸು ವಕೀಲಿ ಮಾಡಿದುದನ್ನು ಊರಿನಲ್ಲಿ ಯಾರೂ ಕಾಣದಿದ್ದ ಕಾಲದಲ್ಲಿ ಆ ಸಲಹೆಯನ್ನು ತಪ್ಪೆನ್ನಲಾಗದು. ಶಾಲೆ ಮುಗಿದೊಡನೆ ವಿದ್ಯೆಯೂ ನಿಂತಿತು.

ಆ ಊರಿನಲ್ಲಿ ಕರಿಯರಿಗಾಗಿ ಒಂದು ಸಮಾಜಮಂದಿರವಿತ್ತು. ಅದಕ್ಕೆ ಹಣ ಕೊಟ್ಟವರು ಕ್ಲೇರೆನ್ಸ್ ಬ್ಲೇಕ್ಸ್ಲೀ ಎಂಬ ಬಿಳಿಯ ವ್ಯಾಪಾರಿ. ಮಂದಿರಕ್ಕೆ ಜನರು ಯಾಕೆ ಬರುವುದಿಲ್ಲವೆಂದು ವಿಚಾರಿಸಲು ಅಲ್ಲೊಂದು ಸಭೆ ಕೂಡಿತು. ಆಡಳಿತ ಮಂಡಳಿಯಲ್ಲಿ ಕರಿಯರಿಗೆ ಸ್ಥಾನವಿಲ್ಲದ ಮಂದಿರವನ್ನು ಕರಿಯರು ತಮ್ಮದೆಂದು ಹೇಗೆ ತಿಳಿದಾರೆಂದು ಹದಿನೆಂಟು ವರ್ಷದ ಕಾನ್‌ಸ್ಟನ್ಸ್ ಎಲ್ಲರೆದುರಿಗೆ ಎದ್ದು ಹೇಳಿದಳು. ದಾನಿಯ ಮುಖದ ಮೇಲೆಯೇ ಇಂಥ ಮಾತು! ಆದರೆ ಬ್ಲೇಕ್ಸ್ಲೀಯವರು ಸಿಟ್ಟಾಗಲಿಲ್ಲ; ಹುಡುಗಿಯನ್ನು ಕರೆಸಿ, ಆಕೆ ಎಲ್ಲಿಯವರೆಗೆ ಓದುವಳೋ ಅಲ್ಲಿಯವರೆಗಿನ ವೆಚ್ಚವೆಲ್ಲ ತನ್ನದೆಂದರು, ಹಾಗೆಯೇ ನಡೆದರು ಕೂಡ. ದಾನ ಮಾಡುವವರು ಎಲ್ಲೆಡೆಯೂ ಇದ್ದಾರೆ. ದಾನದ ಕುಂದನ್ನು ಎತ್ತಿ ತೋರಿದವರಿಗೇ ದಾನ ಮಾಡುವವರು ವಿರಳರೆಂದು ನಮಗೆ ತೋರುತ್ತದೆ.

ಮೊದಲು ದಕ್ಷಿಣದ ನ್ಯಾಶ್‌ವಿಲ್ ನಗರದ ಫಿಸ್ಕ್ ವಿಶ್ವವಿದ್ಯಾಲಯ. ಅಲ್ಲಿಗೆ ಹೋಗುವ ರೈಲಿನಲ್ಲಿ ಕರಿಯರು ಬೇರೆ ಡಬ್ಬಿಯಲ್ಲಿ ಕೂಡಬೇಕೆಂಬ ಕಾಯಿದೆಯ ರುಚಿ ಆಕೆಗೆ ಪ್ರಥಮ ಬಾರಿಗೆ ತಗಲಿತು. 1943ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪದವಿ, 1946ರಲ್ಲಿ ಕೊಲಂಬಿಯದ ಕಾನೂನು ಪದವಿ. ಅದೇ ವರ್ಷ ಜೋಯೆಲ್ ಮೋಟ್ಲಿಯವರೊಡನೆ ವಿವಾಹ. ಕೆಲಸಕ್ಕೆಂದು ಕಚೇರಿಯೊಂದಕ್ಕೆ ಹೋದಾಗ ಮೈಬಣ್ಣ ಕಂಡೊಡನೆ ಸಂದರ್ಶನವೂ ಇಲ್ಲದೆ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿದರು. ಆದರೆ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆಯ ಕಾನೂನು ನಿಧಿಯಲ್ಲಿ ಥರ್ಗುಡ್ ಮಾರ್ಶಲ್ಲರು ಆಕೆಯನ್ನು ವಿದ್ಯಾರ್ಥಿನಿಯಾಗಿರುವಾಗಲೇ, 1945ರಲ್ಲಿ, ಸೇರಿಸಿಕೊಂಡಿದ್ದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಇತ್ಯರ್ಥವಾದ ಪ್ರಸಿದ್ಧ ಬ್ರೌನ್ ಮೊಕದ್ದಮೆಯ ಫಿರ್ಯಾದಿಯನ್ನು ಬರೆಯುವಲ್ಲಿ ಶ್ರೀಮತಿ ಮೋಟ್ಲಿಯವರ ಕೈಯೂ ಇತ್ತು.

ತೀರ್ಪು ಕಾಗದದ ಮೇಲಿತ್ತು. ಬಾಗಿಲುಗಳು ಮುಚ್ಚಿಯೇ ಇದ್ದುವು. ಅವನ್ನು ಒಂದೊಂದಾಗಿ ತೆರೆಸುವ ಕೆಲಸ ಇವರ ಪಾಲಿಗೆ ಬಂತು. ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಕೇಳಿದ ಜೇಮ್ಸ್ ಮೆರಿಡಿತ್ ಎಂಬ ಯುವಕನ ಪರವಾಗಿ ಅವರು 22 ಸಲ ಆ ಸಂಸ್ಥಾನಕ್ಕೆ ಪಯಣ ಮಾಡಿದರು. ಅಲ್ಲಿನ ಹೊಟೇಲುಗಳಲ್ಲಿ ಅವರಿಗೆ ತಂಗಲು ಕೋಣೆಯಿಲ್ಲ. ಕರಿಯರ ಮನೆಗಳಲ್ಲಿ ಇಳಿದುಕೊಳ್ಳಬೇಕು. ಪತ್ರಿಕೆಗಳು ಅವರ ಹೆಸರಿಗೆ ಶ್ರೀಮತಿ ಎಂಬ ಗೌರವಪದವನ್ನು ಸೇರಿಸಲೂ ಒಪ್ಪುತ್ತಿರಲಿಲ್ಲ. ಮೆರಿಡಿತನನ್ನು ನಿರಾಕರಿಸಿದುದು ಬಣ್ಣದ ಕಾರಣದಿಂದಲ್ಲವೆಂದು ಕೆಳಗಿನ ನ್ಯಾಯಾಲಯವು ತೀರ್ಪಿತ್ತಿತು! ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. 1962ರ ಸಪ್ಟೆಂಬರ್ 30ರ ರಾತ್ರಿ ನಡೆದ ದೊಂಬಿಯಲ್ಲಿ ಇಬ್ಬರು ಸತ್ತರು. ಮರುದಿನ ಮೆರಿಡಿತ್ ಕಾಲೇಜು ಸೇರಿದ. ಆ ದಿನಗಳಲ್ಲಿ ಇವರಿಗೆ ನೆರವಾಗಿದ್ದ ಮೆಡ್ಗರ್ ಎವರ್ಸ್ ಎಂಬ ಮುಂದಾಳುವನ್ನು 1963ರ ಜೂನ್ ತಿಂಗಳಲ್ಲಿ ಅವರ ಮನೆಯೆದುರಿಗೇ ಗುಂಡಿಕ್ಕಿ ಕೊಂದರು.

ಇನ್ನೊಂದು ಮೊಕದ್ದಮೆಯನ್ನು ಹೊಟೇಲು ಕೆಲಸ ಬಲ್ಲವರು ಕೇಳಲೇಬೇಕು. ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದ ಕಾಯಿದೆಯ ಪ್ರಕಾರ ಬಿಳಿಯರಿಗೂ ಕರಿಯರಿಗೂ ಒಂದೇ ಕೋಣೆಯಲ್ಲಿ ಊಟ ಬಡಿಸುವುದಿದ್ದರೆ ನಡುವೆ ನೆಲದಿಂದ ಏಳು ಅಡಿ ಎತ್ತರದ ಗಟ್ಟಿ ಅಡ್ಡಗೋಡೆ ಬೇಕು, ಬೀದಿಯಿಂದ ಬೇರೆ ಬೇರೆ ಬಾಗಿಲು ಬೇಕು. ಅಂಗಡಿಗಳ ಊಟದ ಕಟ್ಟೆಯಲ್ಲಿ ಕುಳಿತ ಹತ್ತು ಮಂದಿ ಕರಿಯ ವಿದ್ಯಾರ್ಥಿಗಳಿಗೆ ಶಿಕ್ಷೆಯಾಗಿತ್ತು. ಶ್ರೀಮತಿ ಮೋಟ್ಲಿಯವರು ಅವರ ಪರವಾಗಿ ಸುಪ್ರೀಮ್ ಕೋರ್ಟಿನಲ್ಲಿ ವಾದಿಸಿದರು. 1963ರ ಮೇ ತಿಂಗಳಲ್ಲಿ ಶಿಕ್ಷೆ ರದ್ದಾಯಿತು. ಅಡಿಗೆಮನೆಯ ಕೂಳಿನಿಂದ ಬೆಳೆದ ಮಗಳು ಊಟದ ಮನೆಯ ಗೋಡೆಯನ್ನು ಕೆಡಹಲು ನೆರವಾದಳು.

ಆ ಕೋರ್ಟಿನಲ್ಲಿ ವಾದಿಸಿದ ಪ್ರಥಮ ಕಪ್ಪು ಮಹಿಳೆ ಅವರೇ. ಹತ್ತು ಮೊಕದ್ದಮೆಗಳಲ್ಲಿ ಒಂಬತ್ತನ್ನು ಗೆದ್ದರು. ಸೋತ ಹತ್ತನೆಯದರ ವಿಚಾರ ಕಡೆಗೆ ಹೇಳುವೆವು.

ನಡುವೆ ಸ್ವಲ್ಪ ಕಾಲ ರಾಜಕಾರಣ: 1964ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸೆನೆಟ್ ಸದಸ್ಯತ್ವ, 1965ರಲ್ಲಿ ಮ್ಯಾನ್‌ಹಟನ್ ವಿಭಾಗದ ಅಧ್ಯಕ್ಷ ಪದವಿ. 1966ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ನರು ಅವರನ್ನು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಧೀಶರನ್ನಾಗಿ ಹೆಸರಿಸಿದರು. ಅಲ್ಲಿ ಈ ಹುದ್ದೆ ಆಜೀವ. ದೇಶದ ಸೆನೆಟ್ ಸಭೆ ಒಪ್ಪಬೇಕು. ಇದನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷರೋ, ಅದೇ ಮಿಸಿಸಿಪ್ಪಿಯ ಸೆನೆಟರ್ ಈಸ್ಟ್‌ಲೆಂಡ್! ಏಳು ತಿಂಗಳು ತಡೆದರು. ಅಗಸ್ಟ್ 30ರಂದು ಒಪ್ಪಿಗೆ ದೊರೆಯಿತು.

ಪೀಠವೇರಿದ ಮೇಲೆ ದಿನವೂ ಸಿಡಿಲಿನಂಥ ತೀರ್ಪುಗಳನ್ನು ನಿರೀಕ್ಷಿಸಿದವರಿಗೆ ನಿರಾಶೆಯಾದೀತು. ಮೇಲಿನ ನ್ಯಾಯಾಲಯ ಅವರನ್ನು ತಿದ್ದಿದುದೂ ಉಂಟು. ವರ್ಷಕ್ಕೂ ಮಿಕ್ಕಿ ಏಕಾಂತ ಸೆರೆಯಲ್ಲಿಟ್ಟ ಮಾರ್ಟಿನ್ ಸೋಸ್ಟ್ರೆ ಎಂಬ ಕೈದಿಗೆ 1970ರಲ್ಲಿ ಅವರು ದಿನಕ್ಕೆ 25 ಡಾಲರಿನಂತೆ ಪರಿಹಾರ ಕೊಡಿಸಿದರು, ಅದರ ಮೇಲೆ ದಂಡವನ್ನೂ ವಿಧಿಸಿದರು. ಪರಿಹಾರ ನಿಂತಿತು, ದಂಡ ನಿಲ್ಲಲಿಲ್ಲ. 1978ರಲ್ಲಿ, ನಗರದ ಸ್ವತ್ತಾದ ಯಾಂಕೀ ಕ್ರೀಡಾಂಗಣದಲ್ಲಿ ಪತ್ರಕರ್ತೆಯರನ್ನು ಆಟಗಾರರ ಕೋಣೆಯಿಂದ ಹೊರಗಿಡುವುದು ಸಲ್ಲದೆಂದರು. 1975ರ ಪ್ರಸಂಗವು ನಮಗೆ ಇವೆಲ್ಲಕ್ಕಿಂತ ದೊಡ್ಡದೆನಿಸುತ್ತದೆ. ಹೆಂಗಸೆಂಬ ಕಾರಣಕ್ಕೆ ತನಗೆ ಅನ್ಯಾಯವಾಯಿತೆಂದು ವಕೀಲೆಯೊಬ್ಬಳು ದೊಡ್ಡ ವಕೀಲಿ ಸಂಸ್ಥೆಯ ಮೇಲೆ ದಾವೆ ಹೂಡಿದ್ದಳು. ನ್ಯಾಯಾಧೀಶರೂ ಹೆಂಗಸು, ಕರಿಯರು, ಹಿಂದೆ ಹಕ್ಕುಗಳಿಗಾಗಿ ವಾದಿಸಿದವರು. ಆದುದರಿಂದ ದೂರ ಸರಿಯಬೇಕೆಂದು ಪ್ರತಿಪಕ್ಷ ಕೇಳಿತು. ಅವರು ಸರಿಯಲಿಲ್ಲ. ಪ್ರತಿಯೊಬ್ಬ ನ್ಯಾಯಾಧೀಶನಿಗೂ ಒಂದು ಬಣ್ಣವಿದೆ, ಅವನು ಗಂಡೋ ಹೆಣ್ಣೋ ಆಗಿಯೇ ಇರುತ್ತಾನೆ, ಅದೇ ಅಡ್ಡಿಯಾದರೆ ಪೀಠದಲ್ಲಿ ಕೂಡಲು ಯಾರೂ ಉಳಿಯರೆಂಬುದು ಅವರ ಉತ್ತರದ ತಾತ್ಪರ್ಯ. ಬಿಳಿಯ ಗಂಡಸನ್ನು ಯಾರೂ ಹಾಗೆ ಕೇಳಿರಲಿಲ್ಲ.

ಇನ್ನು ಆ ಹತ್ತನೆಯ ಮೊಕದ್ದಮೆ. ಅಲಬಾಮದಲ್ಲಿ ಮರಣದಂಡನೆಗೆ ಗುರಿಯಾದ ಸ್ವೇನ್ ಎಂಬ ಕರಿಯನ ಜೂರಿಯಿಂದ ಸರಕಾರಿ ವಕೀಲರು ಕರಿಯರೆಲ್ಲರನ್ನೂ ತೆಗೆದುಹಾಕಿದ್ದರು. ಅದು ತಪ್ಪೆಂಬ ಶ್ರೀಮತಿ ಮೋಟ್ಲಿಯವರ ವಾದವನ್ನು 1965ರಲ್ಲಿ ಸುಪ್ರೀಮ್ ಕೋರ್ಟು ಮನ್ನಿಸಲಿಲ್ಲ. 1986ರ ಏಪ್ರಿಲಿನಲ್ಲಿ ಬ್ಯಾಟ್ಸನ್ ಎಂಬವನ ಮೊಕದ್ದಮೆಯಲ್ಲಿ ಅದೇ ಕೋರ್ಟು ತನ್ನ ಹಳೆಯ ನಿರ್ಣಯವನ್ನು ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಶ್ರೀಮತಿ ಮೋಟ್ಲಿಯವರು ತಮ್ಮ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದರು. ಅನಂತರವೂ ಹಿರಿಯ ನ್ಯಾಯಾಧೀಶರಾಗಿ ಮುಂದುವರಿದು, 2005ರ ಸಪ್ಟೆಂಬರ್ 28ರಂದು ನ್ಯೂಯಾರ್ಕಿನಲ್ಲಿ ತಮ್ಮ 84ನೆಯ ವಯಸ್ಸಿನಲ್ಲಿ ತೀರಿಕೊಂಡರು.