ಅಡಿಯ ಲೆಕ್ಕ, ಪೌಂಡಿನ ಲೆಕ್ಕ: ಸರ್ ಎಂ. ವಿಶ್ವೇಶ್ವರಯ್ಯನವರು

ಮಳೆಗಾಲ ಬಂದಿತೆಂದರೆ ವಿಲೆ ಪಾರ್ಲೆಯ ನಮ್ಮ ಹೋಟೆಲಿನ ಗಲ್ಲಾದ ಬಳಿ ಮೈಸೂರು ಕಡೆಯ ಗಿರಾಕಿಗಳು ಮೊದಲು ವಿಚಾರಿಸುತ್ತಿದ್ದುದು, ಕನ್ನಂಬಾಡಿಗೆ ಎಷ್ಟು ಅಡಿ ನೀರು ಬಂದಿದೆ ಎಂಬುದನ್ನು. 124.80 ಅಡಿ ಎಂದರೆ ಜಲಾಶಯ ತುಂಬಿತು. ಈ ಅಡಿ ಆಳದ ಅಳತೆ ಮಾತ್ರವಲ್ಲ, ಇಂಜಿನಿಯರರ ಪಾಲಿಗೆ ಅದು ಒತ್ತಡದ ಅಳತೆಯೂ ಹೌದು. ಅಡಿಯನ್ನು ಪೌಂಡಿಗೆ ಪರಿವರ್ತಿಸುವ ಲೆಕ್ಕದೊಡನೆಯೇ ಆಯುಷ್ಯ ಕಳೆದ ಮಹನೀಯರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ವಿಶ್ವೇಶ್ವರಯ್ಯನವರು 1861ನೆಯ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗನ ಎಳೆತನದಲ್ಲಿಯೇ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸಿಕೊಂಡು, 1881ರಲ್ಲಿ ಬಿ.ಎ. ಮುಗಿಸಿದರು. ಹಗಲು ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ತೆರಳಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಆರಂಭದ ಕೆಲಸಗಳಲ್ಲಿ ಒಂದು ಖಾನದೇಶದಲ್ಲಿ ದೊರೆಯಿತು. ನೀರನ್ನು ಕೊಳವೆಯಲ್ಲಿ ಹಳ್ಳದ ತಳಕ್ಕೆ ಇಳಿಸಿ ಆಚೆ ದಡದಲ್ಲಿ ಮೇಲೇರಿಸುವ ಕೆಲಸವದು. ಇಳಿದ ನೀರು ಏರುವುದು ಒತ್ತಡದ ಬಲದಿಂದ. ಈ ಒತ್ತಡವು ನೀರಿನ ಎತ್ತರವನ್ನು ಅವಲಂಬಿಸಿದೆಯೇ ಹೊರತು ಹರವನ್ನಲ್ಲ. ಮಾಳಿಗೆಯ ಟಾಂಕಿ ದೊಡ್ಡದಿರಲಿ ಚಿಕ್ಕದಿರಲಿ, ಕೆಳಗಿನ ಮನೆಯ ನಲ್ಲಿಯಲ್ಲಿ ನೀರು ರಭಸದಿಂದ ಬೀಳುವುದು ಎತ್ತರದ ದೆಸೆಯಿಂದ. ನೀರು 2.31 ಅಡಿ ನಿಂತರೆ ತಳದ ಪ್ರತಿ ಚದರ ಇಂಚಿನ ಮೇಲೆ ಒಂದು ಪೌಂಡು ಒತ್ತಡ. ಹತ್ತು ಮೀಟರು ನಿಂತರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋ.

ಅವರ ಹೆಸರನ್ನು ಎಲ್ಲೆಡೆ ಹಬ್ಬಿಸಿದ್ದು ಪುಣೆಯ ಬಳಿಯ ಖಡಕ್‌ವಾಸಲಾ. ಅಲ್ಲಿನ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ತಡೆಯಬೇಕಾಗಿತ್ತು. 1903ರಲ್ಲಿ ಅವರು ಹೆಚ್ಚುವರಿ ನೀರು ಹರಿಯುವ ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ ಸುಮಾರು 8 ಅಡಿ ನೀರನ್ನು ಅಧಿಕವಾಗಿ ನಿಲ್ಲಿಸಿದರು. ಎಂಟು ಅಡಿ ಅಲ್ಪವೆಂದು ತೋರಬಹುದು. ಆದರೆ ಬಾಗಿಲಿನ ಬುಡದಲ್ಲಿ ಒಂದೊಂದು ಚದರ ಅಡಿಗೆ ಸುಮಾರು 500 ಪೌಂಡು ಒತ್ತಡ ಬೀಳುತ್ತದೆ. ಇದನ್ನು ತಾಳಿಕೊಂಡು, ನೀರು ಮಿತಿ ಮೀರಿದೊಡನೆ ತಾನಾಗಿಯೇ ತೆರೆದು, ಇಳಿದೊಡನೆ ಮುಚ್ಚಿಕೊಳ್ಳುವ ಬಾಗಿಲು! ಕಾವಲುಗಾರನು ನಿದ್ರಿಸಿದರೂ ನೀರೇ ಕಾವಲಿರುವ ಏರ್ಪಾಡು. ಈ ರಚನೆಗೆ ಪೇಟೆಂಟ್ ಪಡೆದರೂ ಸರಕಾರದಿಂದ ರಾಯಧನವನ್ನು ಸ್ವೀಕರಿಸಲಿಲ್ಲ.

ಮುಂಬಯಿ ಸೇವೆಯನ್ನು ಬಿಟ್ಟು, ಮಹಾಪೂರದಿಂದ ನೊಂದ ಹೈದರಾಬಾದಿಗೆ ರಕ್ಷಣಾ ಯೋಜನೆ ರೂಪಿಸಿ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೂ ಅವರ ಚಿತ್ತ ಅದರಲ್ಲಿಯೇ. ಸುಣ್ಣ ಸುರ್ಕಿಯ ಗಾರೆಯಲ್ಲಿ ಕಟ್ಟಿದ ಆ ಕಟ್ಟೆಯ ಹಿಂದೆ 124.80 ಅಡಿ ನಿಂತ ನೀರು, ಅಳತೆಯ ಸೊನ್ನೆ ಗುರುತಿನ ಬಳಿ ಚದರ ಇಂಚಿಗೆ 54 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ 3.8 ಕಿಲೋ ಒತ್ತುತ್ತದೆ. ಮೇಲ್ಭಾಗದಲ್ಲಿ ಒತ್ತಡ ಸೊನ್ನೆ. ಕಟ್ಟೆಯು ಬುಡದಲ್ಲಿ ಅಗಲವಾಗಿ ಮೇಲೆ ಕಿರಿದಾಗುವುದು ಈ ಕಾರಣದಿಂದ.

1955ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿಕೊಂಡು ಬಂದಿತು. ಮರುವರ್ಷವೇ ಮೆಟ್ರಿಕ್ ಅಳತೆಯ ಕಾನೂನು ಬಂದಿತು. ಅವರು ಆಯುಷ್ಯವಿಡೀ ಬಳಸಿದ ಅಡಿ ಪೌಂಡುಗಳು ಅವರ ಕಣ್ಣೆದುರಿಗೇ ಹಿಂದೆ ಸರಿಯತೊಡಗಿದವು.

ಈ ಬದಲಾವಣೆ ಪುಸ್ತಕದ ಮಾತಲ್ಲವೆಂಬುದನ್ನು ನಾವು ಅಡಿಗೆಮನೆಯಲ್ಲಿ ಕಂಡಿದ್ದೇವೆ. ಇಡ್ಲಿ ಬೇಯಿಸುವ ಉಗಿಯ ಬಾಯ್ಲರಿಗೆ ಒಮ್ಮೆ ಹೊಸ ಗೇಜು ಹಾಕಿಸಿದೆವು. ಹಳೆಯದು ಪೌಂಡಿನದು, ಹೊಸದು ಕಿಲೋದ್ದು. ಮುಳ್ಳು ಹತ್ತಕ್ಕೆ ಬಂದಾಗ ಉರಿ ತಗ್ಗಿಸು ಎಂದು ಭಟ್ಟರಿಂದ ಕಲಿತ ಹುಡುಗ ಹತ್ತಕ್ಕಾಗಿಯೇ ಕಾಯುತ್ತ ನಿಂತಿದ್ದ. ಒಂದು ಕಿಲೋ ಎಂದರೆ 14.22 ಪೌಂಡು, ಅವನು ಕಾಯುತ್ತಿದ್ದುದು 142 ಪೌಂಡಿಗೆ! ಸೇಫ್ಟಿ ವಾಲ್ವು ಕೂಗಿತು, ಹುಡುಗ ಉಳಿದ. ತಪ್ಪು ಅವನದಲ್ಲ, ಹೇಳದೆ ಬಿಟ್ಟ ನಮ್ಮದು. ಅಂದೇ ಗೇಜಿನ ಮೇಲೆ 0.7ರ ಬಳಿ ಕೆಂಪು ಗೆರೆ ಎಳೆಸಿದೆವು.

ವಿಶ್ವೇಶ್ವರಯ್ಯನವರು 1962ರ ಏಪ್ರಿಲಿನಲ್ಲಿ, ನೂರು ವರ್ಷ ತುಂಬಿದ ಬಳಿಕ, ಬೆಂಗಳೂರಿನಲ್ಲಿ ಕಾಲವಾದರು. 1971ರಲ್ಲಿ ಒತ್ತಡಕ್ಕೆ ಪಾಸ್ಕಲ್ ಎಂಬ ಜಾಗತಿಕ ಮಾನದ ಹೆಸರು ಬಂದಿತು. ಒಂದು ಪೌಂಡಿಗೆ ಸುಮಾರು 6,895 ಪಾಸ್ಕಲ್. ಕನ್ನಂಬಾಡಿಯ ಮಟ್ಟವನ್ನು ಮಾತ್ರ ಪತ್ರಿಕೆಗಳು ಇಂದಿಗೂ ಅಡಿಯಲ್ಲಿಯೇ ಪ್ರಕಟಿಸುತ್ತಿವೆ.