ಬೆಂಗಳೂರಿಗೆ ಬಂದು ಹೋದ ಗುರು: ಮ್ಯಾಕ್ಸ್ ಬಾರ್ನ್

ನಮ್ಮ ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಒಬ್ಬ ಜರ್ಮನ್ ವಿಜ್ಞಾನಿಯ ಚರಿತ್ರೆ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಹಾಗೆ ನೋಡಿದರೆ ಹಳ್ಳಿಯ ಸಾಲದ ಸಂಘ ಎಂಬ ವಿಚಾರವೇ ನಮ್ಮ ದೇಶಕ್ಕೆ ಬಂದದ್ದು ಜರ್ಮನಿಯಿಂದ. ರೈಫೈಸನ್ ಎಂಬ ಪುಣ್ಯಾತ್ಮ ಅಲ್ಲಿಯ ರೈತರಿಗಾಗಿ ಕಟ್ಟಿದ ಸಂಘಗಳ ಮಾದರಿಯ ಮೇಲೆ 1904ರ ಕಾಯದೆ ಆಯಿತು. ಮರುವರ್ಷವೇ ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆ ಕಥೆ ನಮ್ಮವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು: ಅದೇ ಜರ್ಮನಿಯ ಒಬ್ಬ ಮಹಾ ಗುರು 1935ರಲ್ಲಿ ಬೆಂಗಳೂರಿಗೆ ಬಂದಿದ್ದರು. ಅಲ್ಲೇ ನೆಲೆಸುವ ಮನಸ್ಸೂ ಅವರಿಗಿತ್ತು. ಆದರೆ ಒಂದು ಸಭೆಯಲ್ಲಿ ಆಡಿದ ಮಾತಿನಿಂದ ಎಲ್ಲ ಕೆಟ್ಟಿತು. ಸಭೆ ಅಂದರೆ ಏನು, ಅಲ್ಲಿ ಒಂದು ಮಾತು ಏನು ಮಾಡುತ್ತದೆ ಅನ್ನುವುದು ಸಂಘದವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರ ಹೆಸರು ಮ್ಯಾಕ್ಸ್ ಬಾರ್ನ್. ಪರಮಾಣುವಿನ ಚಿತ್ರ ಬರೆದ ನೀಲ್ಸ್ ಬೋರ್ ಬೇರೆ, ಇವರು ಬೇರೆ. ನಮ್ಮ ಊರಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಾಲೇಜುಗಳಿಗೆ ಬಸ್ಸು ಹತ್ತಿ ಹೋಗಿ ಸೈನ್ಸ್ ಓದಿದ ಹುಡುಗರಿಗೆ ಕೆಮಿಸ್ಟ್ರಿಯ ಬಾರ್ನ್-ಹೇಬರ್ ಚಕ್ರ ನೆನಪಿರಬಹುದು. ಆ ಬಾರ್ನ್ ಇವರೇ.

ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಬ್ರೆಸ್ಲೌ ಪಟ್ಟಣದ ಒಂದು ಯೆಹೂದಿ ಮನೆತನದಲ್ಲಿ. ತಂದೆ ಗುಸ್ತಾವ್ ಬಾರ್ನ್ ವೈದ್ಯಶಾಸ್ತ್ರದ ಪ್ರೊಫೆಸರ್. ನಾಲ್ಕು ವರ್ಷದ ಕೂಸಿದ್ದಾಗಲೇ ತಾಯಿ ತೀರಿಕೊಂಡರು. ಮೈಯಲ್ಲಿ ಗಟ್ಟಿಯಿಲ್ಲ, ಉಬ್ಬಸದ ಕಾಟ ಬೇರೆ. ಆದರೆ ಗಣಿತ ಮಾತ್ರ ಸಲೀಸು. ಬ್ರೆಸ್ಲೌದಲ್ಲಿ ರೋಸಾನೆಸ್ ಎಂಬ ಗುರುಗಳ ಹತ್ತಿರ ಮ್ಯಾಟ್ರಿಕ್ಸ್ ಲೆಕ್ಕ ಕಲಿತರು. ಆಗ ಅದು ಯಾರಿಗೂ ಬೇಕಿಲ್ಲದ ವಿದ್ಯೆ. ಮುಂದೆ ಗಟ್ಟಿಂಗೆನ್‌ನಲ್ಲಿ ಹಿಲ್ಬರ್ಟ್, ಮಿಂಕೋವ್ಸ್ಕಿ ಅಂಥ ಘಟಾನುಘಟಿಗಳ ಕೈಕೆಳಗೆ ಓದಿ 1906ರಲ್ಲಿ ಡಾಕ್ಟರೇಟ್ ಪಡೆದರು. 1913ರಲ್ಲಿ ಹೆಡ್ವಿಗ್ ಅವರೊಡನೆ ಮದುವೆಯಾಯಿತು. ಮೊದಲ ಮಹಾಯುದ್ಧದಲ್ಲಿ ಫಿರಂಗಿಯ ಸದ್ದಿನಿಂದ ಅದರ ಜಾಗ ಪತ್ತೆ ಮಾಡುವ ಖಾತೆಯಲ್ಲಿ ಕೆಲಸ ಮಾಡಿದರು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಫ್ರಾಂಕ್‌ಫರ್ಟಿನಲ್ಲಿ ಪ್ರೊಫೆಸರ್ ಆದರು. ಪ್ರಯೋಗಶಾಲೆಯಲ್ಲಿ ದುಡ್ಡಿಲ್ಲ. ಬಾರ್ನರು ಏನು ಮಾಡಿದರಪ್ಪಾ ಅಂದರೆ, ಐನ್‌ಸ್ಟೀನರ ಸಾಪೇಕ್ಷವಾದದ ಮೇಲೆ ಊರ ಮಂದಿಗೆ ಉಪನ್ಯಾಸ ಇಟ್ಟು, ಟಿಕೆಟ್ ಹಚ್ಚಿ, ಬಂದ ಹಣವನ್ನು ಪ್ರಯೋಗಶಾಲೆಗೆ ಹಾಕಿದರು. ನಾವು ಶೇರು ಹಣ ಕೂಡಿಸಿದ ಹಾಗೇ ಅನ್ನಿ. ಅದೂ ಕರಗುತ್ತ ಬಂದಾಗ ನ್ಯೂಯಾರ್ಕಿನ ಹೆನ್ರಿ ಗೋಲ್ಡ್‌ಮನ್ ಎಂಬ ಸಾಹುಕಾರರು ಕೆಲವು ನೂರು ಡಾಲರ್ ಕಳಿಸಿಕೊಟ್ಟರು. ಸ್ಟರ್ನ್ ಮತ್ತು ಗೆರ್ಲಾಖ್ ಮಾಡಿದ ಜಗತ್ಪ್ರಸಿದ್ಧ ಪ್ರಯೋಗಕ್ಕೆ ಹೀಗೆ ಹಣ ಒದಗಿತು.

1921ರಲ್ಲಿ ಬಾರ್ನರು ಗಟ್ಟಿಂಗೆನ್‌ಗೆ ಮರಳಿದರು. ಮುಂದಿನ ಹನ್ನೆರಡು ವರ್ಷ ಅವರ ಮನೆ, ಅವರ ಕ್ಲಾಸು ಜಗತ್ತಿನ ಫಿಜಿಕ್ಸಿನ ಗರಡಿಮನೆಯಾಗಿತ್ತು. ಪೌಲಿ, ಹೈಸನ್‌ಬರ್ಗ್ ಅವರ ಸಹಾಯಕರಾಗಿದ್ದವರು. ಓಪನ್‌ಹೈಮರ್, ಮರಿಯಾ ಗೆಪರ್ಟ್, ಡೆಲ್‌ಬ್ರುಕ್ ಅವರಲ್ಲಿ ಡಾಕ್ಟರೇಟ್ ಮಾಡಿದವರು. ಗುರುಗಳು ಬಹಳ ಮೆತ್ತಗಿನ ಸ್ವಭಾವದವರು. ಓಪನ್‌ಹೈಮರ್ ಎಂಬ ಚುರುಕು ಹುಡುಗ ಬೇರೆಯವರು ಮಾತಾಡುವಾಗ ನಡುವೆ ಬಾಯಿ ಹಾಕಿ, ಸೀಮೆಸುಣ್ಣ ಕಸಿದುಕೊಂಡು ತಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದನಂತೆ. ಉಳಿದ ಹುಡುಗರೆಲ್ಲ ಸಹಿ ಹಾಕಿ ತಕರಾರು ಅರ್ಜಿ ಕೊಟ್ಟರು. ಮುಖಕ್ಕೆ ಹೇಳಲು ಬಾರ್ನರಿಗೆ ಧೈರ್ಯ ಸಾಲದು. ಆ ಹಾಳೆಯನ್ನು ಮೇಜಿನ ಮೇಲೆ ಕಾಣುವ ಹಾಗೆ ಇಟ್ಟು, ನೆವ ಮಾಡಿ ಹೊರಗೆ ಹೋದರು. ಹುಡುಗ ಓದಿಕೊಂಡ, ಅಂದಿನಿಂದ ಸುಮ್ಮನಾದ. ಮಾಸ್ತರಿಕೆ ಮಾಡಿದವರಿಗೆ ಈ ಉಪಾಯ ಹೊಸದಲ್ಲ.

1925ರಲ್ಲಿ 23 ವರ್ಷದ ಹೈಸನ್‌ಬರ್ಗ್ ಒಂದು ಲೇಖನ ಬರೆದು ತಂದು ಗುರುಗಳ ಕೈಗಿಟ್ಟ. ಅದರಲ್ಲಿ ವಿಚಿತ್ರ ಗುಣಾಕಾರ. ತನ್ನ ಲೆಕ್ಕ ಯಾವ ಜಾತಿಯದು ಅನ್ನುವುದು ಅವನಿಗೇ ಗೊತ್ತಿಲ್ಲ. ಬಾರ್ನರು ತಲೆಯಲ್ಲಿ ಹಾಕಿಕೊಂಡು ಕುಂತರು. ಹಿಂದೆ ರೋಸಾನೆಸ್ ಕಲಿಸಿದ ಮ್ಯಾಟ್ರಿಕ್ಸ್ ಇದೇ ಅಂತ ಹೊಳೆಯಿತು! ಮ್ಯಾಟ್ರಿಕ್ಸ್ ಗುಣಿಸುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯ. ಹರಗಿ ಬಿತ್ತುವುದು ಬೇರೆ, ಬಿತ್ತಿ ಹರಗುವುದು ಬೇರೆ, ಹಂಗ. ರೈಲಿನಲ್ಲಿ ಸಿಕ್ಕ ಪೌಲಿಗೆ ಕೂಡಿ ಮಾಡೋಣ ಅಂತ ಕೇಳಿದರೆ ಅವನು ಒಣ ಗಣಿತ ಅಂತ ಸಿಡುಕಿ ಬಿಟ್ಟ. ಆಗ ಇನ್ನೊಬ್ಬ ಶಿಷ್ಯ ಜೋರ್ಡಾನನನ್ನು ಕರೆದುಕೊಂಡು ಕೆಲಸ ಮುಗಿಸಿದರು. ಆಮೇಲೆ ಮೂವರೂ ಸೇರಿ ಮತ್ತೊಂದು ಲೇಖನ ಬರೆದರು. ಕ್ವಾಂಟಮ್ ಮೆಕ್ಯಾನಿಕ್ಸ್ ನೆಲೆಗೊಂಡದ್ದು ಇದರಿಂದ.

ಮರುವರ್ಷ, 1926ರಲ್ಲಿ, ಬಾರ್ನರು ತಾವೊಬ್ಬರೇ ಮಾಡಿದ ಕೆಲಸ ಇನ್ನೂ ದೊಡ್ಡದು. ಎಲೆಕ್ಟ್ರಾನಿನ ಅಲೆ ಅಂದರೆ ಏನು ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಎಲೆಕ್ಟ್ರಾನ್ ಎಲ್ಲಿ ಸಿಕ್ಕೀತು ಎಂಬುದರ ಸಂಭವವನ್ನಷ್ಟೇ ಆ ಅಲೆ ಹೇಳುತ್ತದೆ ಅಂದರು ಬಾರ್ನರು. ಅಲೆಯ ವರ್ಗ ತೆಗೆದುಕೊಳ್ಳಬೇಕು ಎಂಬ ಮುಖ್ಯ ಮಾತು ಬಂದದ್ದು ಪುಟದ ಅಡಿಯ ಒಂದು ಸಣ್ಣ ಟಿಪ್ಪಣಿಯಲ್ಲಿ. ರಾಣೆಬೆನ್ನೂರಿನ ಬೀಜದ ಪ್ಯಾಕೇಟಿನ ಮೇಲೆ ನೂರಕ್ಕೆ ಇಷ್ಟು ಮೊಳಕೆ ಅಂತ ಅಚ್ಚಾಗಿರುತ್ತದೆ, ಯಾವ ಕಾಳು ಮೊಳೆಯುತ್ತದೆ ಅಂತ ಇರುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಬೀಜದ ವಿಷಯದಲ್ಲಿ ಕಾಳಿನೊಳಗೆ ಕಾರಣ ಇದ್ದೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಎಲೆಕ್ಟ್ರಾನಿನಲ್ಲಿ ಹಾಗೆ ಬಚ್ಚಿಟ್ಟ ಕಾರಣವೇ ಇರಲಿಕ್ಕಿಲ್ಲ ಎಂಬುದು ಬಾರ್ನರ ಅಭಿಪ್ರಾಯ. ಜೀವದ ಗೆಳೆಯ ಐನ್‌ಸ್ಟೀನರೇ ಇದನ್ನು ಕಡೆಯತನಕ ಒಪ್ಪಲಿಲ್ಲ. ಪತ್ರದಲ್ಲಿ ವಾದ ನಡೆದೇ ಇತ್ತು, ಗೆಳೆತನವೂ ಉಳಿದಿತ್ತು.

1933ರಲ್ಲಿ ಹಿಟ್ಲರನ ರಾಜ್ಯ ಬಂತು. ಏಪ್ರಿಲ್ ತಿಂಗಳಲ್ಲಿ ಕೆಲಸದಿಂದ ತೆಗೆದವರ ಪಟ್ಟಿ ಪೇಪರಿನಲ್ಲಿ ಬಂದಾಗ ಅದರಲ್ಲಿ ಬಾರ್ನರ ಹೆಸರೂ ಇತ್ತು. ಹೆಂಡತಿ ಮಕ್ಕಳೊಂದಿಗೆ ಮೊದಲು ಇಟಲಿಯ ಬೆಟ್ಟದೂರಿಗೆ, ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿಯದು ಹಂಗಾಮಿ ನೌಕರಿ. ಅದೇ ವರ್ಷ ಶಿಷ್ಯ ಹೈಸನ್‌ಬರ್ಗನಿಗೆ ಹಿಂದಿನ ವರ್ಷದ ನೊಬೆಲ್ ಬಹುಮಾನ ಒಬ್ಬನಿಗೇ ಬಂತು. ಮೂವರು ಕೂಡಿ ಮಾಡಿದ ಕೆಲಸಕ್ಕೆ ತಾನೊಬ್ಬನೇ ಬಹುಮಾನ ತೆಗೆದುಕೊಂಡದ್ದಕ್ಕೆ ಮನಸ್ಸು ಚುಚ್ಚುತ್ತಿದೆ ಅಂತ ಶಿಷ್ಯ ಗುರುವಿಗೆ ಪತ್ರ ಬರೆದ. ಕೆಲಸ ಕಳಕೊಂಡ ಮನುಷ್ಯನಿಗೆ ಆ ಪತ್ರ ಎಷ್ಟು ಸಮಾಧಾನ ಕೊಟ್ಟಿತೋ!

ಇಂಥ ಹೊತ್ತಿನಲ್ಲಿ ಕರೆ ಬಂದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿಗೆ, ಆಗ ಸರ್ ಸಿ.ವಿ. ರಾಮನ್ ನಿರ್ದೇಶಕರು. ಆಗ ನಮ್ಮ ಊರುಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು, ಬೆಂಗಳೂರು ನಮಗೆ ಪರರಾಜ್ಯ. 1935ರಲ್ಲಿ ನಮ್ಮ ಕಡೆ ಹಿಂಗಾರಿ ಬಿತ್ತನೆ ನಡೆದಿದ್ದ ಕಾಲಕ್ಕೆ ಬಾರ್ನ್ ದಂಪತಿಗಳು ಬೆಂಗಳೂರಿನಲ್ಲಿದ್ದರು. ಸುಮಾರು ಆರು ತಿಂಗಳು ಇದ್ದರು. 137 ಎಂಬ ಸಂಖ್ಯೆಯ ಗುಟ್ಟಿನ ಮೇಲೆ ಉಪನ್ಯಾಸ ಕೊಟ್ಟರು. ರಾಮನ್‌ರ ಶಿಷ್ಯ ನಾಗೇಂದ್ರನಾಥರೊಡನೆ ಬೆಳಕಿನ ಮೇಲೆ ಲೇಖನ ಬರೆದರು. ಸೆಂಟ್ರಲ್ ಕಾಲೇಜಿನ ಬಿ.ಎಸ್. ಮಾಧವರಾವ್ ಬಾರ್ನರದೇ ಸಿದ್ಧಾಂತವನ್ನು ಹಿಡಿದು ಕೆಲಸ ಮಾಡುತ್ತಿದ್ದರು. ಅಂಥವರಿಗೆ ಗುರುವೇ ಊರಿಗೆ ಬಂದ ಹಾಗಾಯಿತು.

ಬಾರ್ನರಿಗೆ ಖಾಯಂ ಪ್ರೊಫೆಸರ್ ಹುದ್ದೆ ಕೊಡಬೇಕು ಅಂತ ರಾಮನ್ ಪ್ರಾಧ್ಯಾಪಕರ ಸಭೆಯ ಮುಂದೆ ವಿಷಯ ಇಟ್ಟರು. ಬಾರ್ನರನ್ನೂ ಆ ಸಭೆಯಲ್ಲಿ ಕೂರಿಸಿದ್ದರು. ನಮಗನಿಸುತ್ತದೆ, ಅದೇ ತಪ್ಪಾಯಿತು. ಯಾರ ವಿಷಯ ಚರ್ಚೆಗೆ ಬರುತ್ತದೋ ಅವರನ್ನು ಹೊರಗೆ ಕೂರಿಸುವುದು ಸಭೆಯ ಮರ್ಯಾದೆ. ಆಸ್ಟನ್ ಎಂಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರಕೀಯ ನಮಗೆ ಬೇಡ ಎಂಬ ಅರ್ಥದ ಮಾತನ್ನು ಬಾರ್ನರ ಎದುರಿಗೇ ಆಡಿದ. ಬಾರ್ನ್ ದಂಪತಿಗಳು ಆಸ್ಟನ್‌ನ ಮನೆಯವರೊಡನೆ ಪ್ರೀತಿಯಿಂದಲೇ ನಡೆದುಕೊಂಡಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ ಅಂತ ಬಾರ್ನರು ತಮ್ಮ ಆತ್ಮಚರಿತ್ರೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಹುದ್ದೆ ಆಗಲಿಲ್ಲ. ರಾಮನ್‌ರ ಮೇಲೂ ಸಂಸ್ಥೆಯಲ್ಲಿ ಅಸಮಾಧಾನ ಹೊಗೆಯಾಡುತ್ತಿತ್ತು. ಕಾರಣಗಳು ಹಲವು, ಬಾರ್ನರ ವಿಷಯ ಅದರಲ್ಲಿ ಒಂದು. 1937ರಲ್ಲಿ ಅವರೂ ನಿರ್ದೇಶಕ ಹುದ್ದೆ ಬಿಡಬೇಕಾಯಿತು.

ಬಾರ್ನರು 1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ರೊಫೆಸರ್ ಆಗಿ, 1953ರ ತನಕ ಅಲ್ಲೇ ಕಲಿಸಿದರು. ಚೀನಾದ ಹುವಾಂಗ್ ಕುನ್, ಪೆಂಗ್ ಹುವಾನ್‌ವು ಅವರಿಂದ ಕಲಿತು ಹೋಗಿ ತಮ್ಮ ದೇಶದಲ್ಲಿ ವಿಜ್ಞಾನ ಬೆಳೆಸಿದರು. ಹುವಾಂಗ್ ಜೊತೆ ಬಾರ್ನರು ಹರಳುಗಳ ಮೇಲೆ ಬರೆದ ಪುಸ್ತಕ ಇವತ್ತಿಗೂ ಓದಿಸುತ್ತಾರೆ. ದೈವದಾಟ ನೋಡಿರಿ, ಇದೇ ಹರಳುಗಳ ಕಂಪನದ ವಿಷಯದಲ್ಲಿ 1940ರ ದಶಕದಲ್ಲಿ ರಾಮನ್‌ರಿಗೂ ಬಾರ್ನರಿಗೂ ಜಗಳ ಬಿತ್ತು. ಬಾರ್ನರ ಸಿದ್ಧಾಂತವೇ ಸರಿ ಅಂತ ಮುಂದೆ ಪ್ರಯೋಗಗಳು ತೋರಿಸಿದವು. ರಾಮನ್ ದೊಡ್ಡವರು, ಆದರೆ ಈ ಒಂದರಲ್ಲಿ ಹಟ ಹೆಚ್ಚಾಯಿತು ಅನ್ನದೆ ವಿಧಿಯಿಲ್ಲ.

ಶಿಷ್ಯರಲ್ಲಿ ಅನೇಕರು ಅಣುಬಾಂಬಿನ ಕೆಲಸಕ್ಕೆ ಹೋದರು. ಗುರು ಹೋಗಲಿಲ್ಲ. 1955ರಲ್ಲಿ ರಸೆಲ್ ಮತ್ತು ಐನ್‌ಸ್ಟೀನ್ ಹೊರಡಿಸಿದ ಯುದ್ಧವಿರೋಧಿ ಹೇಳಿಕೆಗೆ ಸಹಿ ಹಾಕಿದವರಲ್ಲಿ ಬಾರ್ನರೂ ಒಬ್ಬರು.

ಅಡಿ ಟಿಪ್ಪಣಿಯ ಆ ಸಂಭವದ ಮಾತಿಗೆ ನೊಬೆಲ್ ಬಂದದ್ದು 1954ರಲ್ಲಿ, 28 ವರ್ಷ ಕಳೆದು. ಆ ಹೊತ್ತಿಗೆ ಅವರು ನಿವೃತ್ತರಾಗಿ ಜರ್ಮನಿಗೆ ಮರಳಿದ್ದರು. ಓಡಿಸಿದ ದೇಶಕ್ಕೇ ಮರಳಿದ್ದು ಐನ್‌ಸ್ಟೀನರಿಗೆ ಸರಿ ಬರಲಿಲ್ಲ. 1970ರ ಜನವರಿ 5ರಂದು ಗಟ್ಟಿಂಗೆನ್‌ನಲ್ಲಿ ತೀರಿಕೊಂಡರು. ಅಲ್ಲಿ ಅವರ ಸಮಾಧಿಯ ಕಲ್ಲಿನ ಮೇಲೆ ಅದೇ ಹಿಂದುಮುಂದಾದರೆ ಬೇರೆಯಾಗುವ ಗುಣಾಕಾರದ ಸೂತ್ರ ಕೆತ್ತಿದೆ. ಬೆಂಗಳೂರಿನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನಕ್ಕೆ ಅಂತಲೇ ಒಂದು ಕೇಂದ್ರ ತೆರೆದದ್ದು ಆ ದಶಕದ ಮೊದಲ ವರ್ಷಗಳಲ್ಲಿ.