ಪದವಿನೋದಿ ಲೂಯಿಸ್ ಕ್ಯಾರಲ್

ಮಾತು ಮನುಷ್ಯನಿಗೆ ದೊರೆತ ದೊಡ್ಡ ಐಶ್ವರ್ಯ. ಆದರೆ ಆ ಐಶ್ವರ್ಯವು ಎಲ್ಲರಿಗೂ ಸುಲಭವಾಗಿ ದಕ್ಕುವುದಿಲ್ಲ. ಕೆಲವರಿಗೆ ನಾಲಗೆ ತೊಡರುತ್ತದೆ. ಕೆಲವರಿಗೆ ಪರಭಾಷೆಯ ಉದ್ದನೆಯ ಪದವನ್ನು ಕಂಡೊಡನೆ ಎದೆ ನಡುಗುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್ ಎಂಬಂತೆ ಬೆಳೆಯುತ್ತಿರುವ ಪುಣೆಯ ನಮ್ಮ ಮಕ್ಕಳು ಹದಿನೈದು ಅಕ್ಷರಗಳ ಇಂಗ್ಲಿಷ್ ಪದವೊಂದು ಎದುರಾದಾಗ ಓದುವುದನ್ನೇ ನಿಲ್ಲಿಸುವುದನ್ನು ನಾನು ತರಗತಿಯಲ್ಲಿ ಅನೇಕ ಸಲ ಕಂಡಿದ್ದೇನೆ. ಕನ್ನಡ ಮಾಧ್ಯಮದಲ್ಲಿಯೇ ಓದಿ ಈ ಊರಿಗೆ ಬಂದ ನನಗೂ ಆ ಭಯವು ಅಪರಿಚಿತವಲ್ಲ. ಅಂತಹ ಪದಗಳನ್ನೇ ಆಟದ ಗೋಲಿಗಳನ್ನಾಗಿ ಮಾಡಿಕೊಂಡ ಒಬ್ಬ ಉಪಾಧ್ಯಾಯನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಆತನ ನಿಜನಾಮ ಚಾರ್ಲ್ಸ್ ಲಟ್ವಿಜ್ ಡಾಜ್‌ಸನ್. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ 1832ನೆಯ ಇಸವಿ ಜನವರಿ 27ರಂದು ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ಹನ್ನೊಂದು ಮಕ್ಕಳ ಆ ತುಂಬುಸಂಸಾರದಲ್ಲಿ ಈತನು ಮೂರನೆಯವನು, ಗಂಡುಮಕ್ಕಳಲ್ಲಿ ಹಿರಿಯನು. ಬಾಲ್ಯದ ಬೇನೆಯೊಂದರಿಂದ ಬಲಗಿವಿ ಕೇಳದಾಯಿತು. ಮಾತಿನಲ್ಲಿ ಉಗ್ಗು ಇದ್ದಿತು. ಅದು ಕೊನೆಯವರೆಗೂ ಆತನನ್ನು ಬಿಡಲಿಲ್ಲ. ಆದರೆ ಬಾಯಿಗೆ ಬಾರದ ಮಾತು ಕೈಗೆ ಬಂದಿತು. ತಮ್ಮ ತಂಗಿಯರ ಸಂತೋಷಕ್ಕಾಗಿ ಹುಡುಗನು ಪದ್ಯ, ಕಥೆ, ಚಿತ್ರಗಳಿಂದ ತುಂಬಿದ ಕೈಬರಹದ ಪತ್ರಿಕೆಗಳನ್ನು ಸಿದ್ಧಪಡಿಸುತ್ತಿದ್ದನು. ಇಂದು ನೀವು ಓದುತ್ತಿರುವ ಈ ವಾರ್ಷಿಕ ಸಂಚಿಕೆಯಂತೆಯೇ ಅವು ಮನೆಮಂದಿಯ ಸಂಚಿಕೆಗಳು.

1851ರಲ್ಲಿ ಆತನು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದನು. 1855ರಿಂದ 1881ರವರೆಗೆ ಅಲ್ಲಿಯೇ ಗಣಿತದ ಅಧ್ಯಾಪಕನಾಗಿದ್ದನು. 1856ರಲ್ಲಿ ಪತ್ರಿಕೆಯೊಂದಕ್ಕೆ ಬರೆಯುವಾಗ ಕಾವ್ಯನಾಮವೊಂದು ಬೇಕಾಯಿತು. ಚಾರ್ಲ್ಸ್ ಲಟ್ವಿಜ್ ಎಂಬ ತನ್ನ ಹೆಸರಿನ ಹದಿನೈದು ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಎಡ್ಗರ್ ಕತ್‌ವೆಲಿಸ್ ಎಂಬ ಹೊಸ ಹೆಸರನ್ನು ಕಟ್ಟಿದನು. ಅದೇ ಹೆಸರನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿ, ತಲೆಕೆಳಗು ಮಾಡಿ, ಲೂಯಿಸ್ ಕ್ಯಾರಲ್ ಎಂಬುದನ್ನೂ ಸಿದ್ಧಪಡಿಸಿದನು. ಸಂಪಾದಕನು ಒಪ್ಪಿದ್ದು ಎರಡನೆಯದನ್ನು. ಜಗತ್ತು ಬಲ್ಲದ್ದೂ ಅದನ್ನೇ.

1862ರ ಜುಲೈ 4ರಂದು ಕಾಲೇಜಿನ ಮುಖ್ಯಸ್ಥನ ಮೂವರು ಹೆಣ್ಣುಮಕ್ಕಳೊಡನೆ ದೋಣಿಯಲ್ಲಿ ವಿಹರಿಸುವಾಗ ಕ್ಯಾರಲ್ ಒಂದು ಕಥೆಯನ್ನು ಹೇಳಿದನು. ಮೊಲದ ಬಿಲದೊಳಗೆ ಜಾರಿಬಿದ್ದ ಆಲಿಸ್ ಎಂಬ ಹುಡುಗಿಯ ಆ ಕಥೆ 1865ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಉಗ್ಗುವ ನಾಲಗೆ ಹೇಳಿದ ಕಥೆಯನ್ನು ಜಗತ್ತಿನ ಮಕ್ಕಳು ಇಂದಿಗೂ ಓದುತ್ತಿದ್ದಾರೆ. ನಮ್ಮ ನಾ. ಕಸ್ತೂರಿಯವರು ಅದನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂಬ ಸೊಗಸಾದ ಹೆಸರಿನಿಂದ ಕನ್ನಡಕ್ಕೆ ತಂದರು.

ಆದರೆ ಕ್ಯಾರಲ್ ರಚಿಸಿದ ಪದವಿನೋದಗಳನ್ನು ನಮ್ಮಲ್ಲಿ ಬಲ್ಲವರು ವಿರಳ. 1877ರ ಕ್ರಿಸ್‌ಮಸ್ ರಜೆಯಲ್ಲಿ ಮಾಡಲು ಕೆಲಸವಿಲ್ಲದೆ ಬೇಸತ್ತಿದ್ದ ಇಬ್ಬರು ಬಾಲಕಿಯರಿಗಾಗಿ ಆತನು ಒಂದು ಆಟವನ್ನು ಕಲ್ಪಿಸಿದನು. ಒಂದು ಪದದಲ್ಲಿ ಪ್ರತಿಸಲವೂ ಒಂದೇ ಅಕ್ಷರವನ್ನು ಬದಲಿಸುತ್ತ ಇನ್ನೊಂದು ಪದವನ್ನು ಮುಟ್ಟಬೇಕು. ನಡುವೆ ಬರುವುದೆಲ್ಲವೂ ಅರ್ಥವುಳ್ಳ ಪದವೇ ಆಗಿರಬೇಕು. ತಲೆ ಎಂಬರ್ಥದ ಹೆಡ್ ಎಂಬುದು ಹೀಲ್, ಟೀಲ್, ಟೆಲ್, ಟಾಲ್ ಎಂಬ ನಾಲ್ಕು ಮೆಟ್ಟಿಲುಗಳನ್ನು ದಾಟಿ ಬಾಲ ಎಂಬರ್ಥದ ಟೇಲ್ ಆಗುತ್ತದೆ! ಕಾಗುಣಿತವನ್ನು ಬರೆದು ನೋಡಿರಿ, ಚಮತ್ಕಾರ ತಿಳಿಯುತ್ತದೆ.

1880ರ ದಶಕದ ಆರಂಭದಲ್ಲಿ ಪ್ರಕಟಿಸಿದ ಇನ್ನೊಂದು ಆಟದ ಹೆಸರು ಮಿಶ್‌ಮಾಶ್; ಕಲಸುಮೇಲೋಗರವೆಂದು ಅರ್ಥ. ಒಬ್ಬನು ಎರಡು ಅಥವಾ ಹೆಚ್ಚು ಅಕ್ಷರಗಳ ಒಂದು ಗುಂಪನ್ನು ಮುಂದಿಡುತ್ತಾನೆ. ಆ ಗುಂಪು ಅದೇ ಕ್ರಮದಲ್ಲಿ ಅಡಗಿರುವ ಪದವನ್ನು ಇನ್ನೊಬ್ಬನು ಹುಡುಕಬೇಕು. ಅಂಕಿತನಾಮಗಳು ಸಲ್ಲವು. ಇ, ಎಂ, ಓ ಎಂದರೆ ಲೆಮನ್ ಎನ್ನಬಹುದು. ಜಿ, ಪಿ ಎಂದರೆ? ಈ ಎರಡು ವ್ಯಂಜನಗಳು ಅಕ್ಕಪಕ್ಕ ಬರುವುದು ಅಪರೂಪ. ಒಂದು ಭಾಗವು ಜಿ ಅಕ್ಷರದಿಂದ ಮುಗಿದು, ಮುಂದಿನದು ಪಿ ಅಕ್ಷರದಿಂದ ಆರಂಭವಾಗುವಲ್ಲಿ ಹುಡುಕಬೇಕು. ಆಗ ಕಾಗೆಯ ಬಳಗದ ಹಕ್ಕಿಯಾದ ಮ್ಯಾಗ್‌ಪೈ ಸಿಕ್ಕುತ್ತದೆ. ಐ, ಎಂ, ಎಸ್, ಇ ಎಂಬುದಕ್ಕೆ ಉತ್ತರ ಹಿಮ್‌ಸೆಲ್ಫ್. ಅಲ್ಲಿಯೂ ಗುಟ್ಟು ಇರುವುದು ಎರಡು ಪದಗಳು ಕೂಡುವ ಕೀಲಿನಲ್ಲಿಯೇ.

ವಿದ್ಯಾರ್ಥಿ ಮಿತ್ರರೇ, ಈ ಕೀಲು ನಿಮಗೆ ಹೊಸದೇ? ಮಳೆ, ಕಾಲ ಎಂಬೆರಡು ಪದಗಳು ಕೂಡಿ ಮಳೆಗಾಲವಾಗುವುದನ್ನೂ, ಬೆಟ್ಟ, ತಾವರೆ ಕೂಡಿ ಬೆಟ್ಟದಾವರೆಯಾಗುವುದನ್ನೂ ನೀವು ವ್ಯಾಕರಣದ ಪಾಠದಲ್ಲಿ ಬಿಡಿಸಿದ್ದೀರಿ. ಅದೇ ಕಣ್ಣಿನಿಂದ ಇಂಗ್ಲಿಷನ್ನು ನೋಡಿರಿ. ಜಿ, ಎಚ್, ಟಿ ಎಂಬ ಗುಂಪನ್ನು ಹಿಡಿದು ಹೊರಟರೆ ಮೊದಲು ಐದು ಅಕ್ಷರಗಳ ನೈಟ್ ಸಿಕ್ಕುತ್ತದೆ. ಬಳಿಕ ಎಂಟು ಅಕ್ಷರಗಳ ಡಾಟರ್. ಕೊನೆಗೆ ಹದಿನೈದು ಅಕ್ಷರಗಳ ಸ್ಟ್ರೇಟ್‌ಫಾರ್ವರ್ಡ್. ಕೀಲಿನಲ್ಲಿ ಬಿಡಿಸಿದರೆ ಸ್ಟ್ರೇಟ್ ಒಂದು, ಫಾರ್ವರ್ಡ್ ಒಂದು. ಹೆದರಿಸಿದ ಪದವು ನಿಮಗೆ ಮೊದಲೇ ಗೊತ್ತಿದ್ದ ಎರಡು ಪದಗಳಾಯಿತು! ಉಚ್ಚಾರದಲ್ಲಿ ಕೇಳಿಸದ ಜಿ, ಎಚ್ ಅಕ್ಷರಗಳು ಸಹ ಆಟದ ನೆಪದಿಂದ ನೆನಪಿನಲ್ಲಿ ಉಳಿದವು.

ಕ್ಯಾರಲ್ ಬ್ರಹ್ಮಚಾರಿಯಾಗಿಯೇ ಉಳಿದು, ಜೀವನದ ಬಹುಭಾಗವನ್ನು ತನ್ನ ಕಾಲೇಜಿನ ಕೊಠಡಿಗಳಲ್ಲಿ ಕಳೆದನು. ಕೊನೆಯ ವರ್ಷಗಳಲ್ಲಿ ತರ್ಕಶಾಸ್ತ್ರವನ್ನೂ ಆಟದ ರೂಪದಲ್ಲಿ ಕಲಿಸಲು ಗ್ರಂಥಗಳನ್ನು ಬರೆದನು. 1898ರ ಜನವರಿ 14ರಂದು ಗಿಲ್ಡ್‌ಫರ್ಡಿನಲ್ಲಿದ್ದ ಸೋದರಿಯರ ಮನೆಯಲ್ಲಿ ಶ್ವಾಸಕೋಶದ ಜ್ವರದಿಂದ ನಿಧನನಾದನು. ಅರವತ್ತಾರು ತುಂಬಲು ಇನ್ನು ಹದಿಮೂರು ದಿನಗಳಿದ್ದವು.

ಮಾತು ತಡೆದಾಗ ಆತನು ಮಾತಿನ ಮೇಲೆ ಮುನಿಯಲಿಲ್ಲ. ಅದನ್ನು ಬಿಚ್ಚಿ, ಜೋಡಿಸಿ, ಅದರೊಡನೆ ಆಡಿ ಗೆಳೆತನ ಬೆಳೆಸಿದನು. ನೀವೂ ಹಾಗೆಯೇ ಮಾಡಿರಿ. ಮುಂದಿನ ಬಿಡುವಿನ ವೇಳೆಯಲ್ಲಿ ಗೆಳೆಯನ ಮುಂದೆ ಮೂರು ಅಕ್ಷರಗಳನ್ನು ಇಡಿರಿ. ಉದ್ದನೆಯ ಪದ ತಂದವನೇ ಗೆದ್ದವನು. ಕನ್ನಡದಲ್ಲಿ ಸಂಧಿಯನ್ನು ಬಿಡಿಸಬಲ್ಲವನಿಗೆ ಯಾವ ಭಾಷೆಯ ಪದವೂ ಬಿಡಿಸಲಾರದ ಗಂಟಲ್ಲ.